ಕರೆದರೆ ಬರುವ ಕಾಡುಹಕ್ಕಿ

ಮನುಷ್ಯನು ಪಳಗಿಸಿದ ಪ್ರಾಣಿಗಳು ಅನೇಕ. ಎತ್ತು ನೊಗಕ್ಕೆ ಹೆಗಲು ಕೊಡುತ್ತದೆ. ನಾಯಿ ಬಾಗಿಲು ಕಾಯುತ್ತದೆ. ಆದರೆ ಯಾರೂ ಪಳಗಿಸದ, ಯಾರ ಪಂಜರವನ್ನೂ ಕಾಣದ ಕಾಡುಹಕ್ಕಿಯೊಂದು ತಾನಾಗಿ ಬಂದು ಮನುಷ್ಯನಿಗೆ ದಾರಿ ತೋರುವುದುಂಟೆ? ಪೂರ್ವ ಆಫ್ರಿಕಾದ ಟಾಂಜಾನಿಯದಲ್ಲಿ, ಏಯಾಸಿ ಸರೋವರದ ಸುತ್ತಣ ಕುರುಚಲು ಕಾಡಿನಲ್ಲಿ ಇದು ಇಂದಿಗೂ ನಡೆಯುತ್ತಿದೆ.

ಅಲ್ಲಿನ ಹಾಡ್ಜಾ ಜನರು ಸಾವಿರಕ್ಕೆ ತುಸು ಹೆಚ್ಚು. ಅವರಲ್ಲಿ ಕೆಲವು ನೂರು ಮಂದಿ ಈಗಲೂ ಬೇಟೆ, ಗೆಡ್ಡೆಗೆಣಸು, ಕಾಡುಹಣ್ಣು, ಜೇನುಗಳನ್ನೇ ನಂಬಿ ಬಾಳುತ್ತಾರೆ. ಜೇನು ಬೇಕಾದಾಗ ಹಾಡ್ಜಾ ಬೇಟೆಗಾರನು ಸಿಳ್ಳು ಹಾಕುತ್ತಾನೆ. ಬೂದುಗಂದು ಬಣ್ಣದ ಸಣ್ಣ ಹಕ್ಕಿಯೊಂದು ಚಟಚಟನೆ ಸದ್ದು ಮಾಡುತ್ತ ಮರದಿಂದ ಮರಕ್ಕೆ ಹಾರಿ ಅವನನ್ನು ಕರೆದೊಯ್ಯುತ್ತದೆ. ಗೂಡು ಅನೇಕ ವೇಳೆ ಬಾವೊಬಾಬ್ ಮರದ ಪೊಟರೆಯಲ್ಲಿರುತ್ತದೆ. ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದಾದ ಮಹಾವೃಕ್ಷಗಳ ಜಾತಿಯೇ ಅದು. ಬೇಟೆಗಾರನು ಕಾಂಡಕ್ಕೆ ಮರದ ಗೂಟಗಳನ್ನು ಬಡಿದು, ಅವುಗಳ ಮೇಲೆ ಕಾಲಿಟ್ಟು ಏರಿ, ಹೊಗೆಯಿಂದ ನೊಣಗಳನ್ನು ಮಂಕಾಗಿಸಿ ಜೇನು ತೆಗೆಯುತ್ತಾನೆ.

ಹಕ್ಕಿಗೆ ಬೇಕಾದುದು ಮೇಣ. ಅದನ್ನು ಅರಗಿಸಿಕೊಳ್ಳಬಲ್ಲ ಜೀವಿಗಳು ಬಲು ವಿರಳ. ಹದಿನಾರನೆಯ ಶತಮಾನದಲ್ಲಿ ಮೊಜಾಂಬಿಕ್‌ನಲ್ಲಿದ್ದ ಪೋರ್ಚುಗೀಸ್ ಪಾದ್ರಿ ಜೊವಾವ್ ದೊಸ್ ಸಾಂತೊಸ್, ಇಗರ್ಜಿಯ ಮೇಣದ ಬತ್ತಿಗಳನ್ನು ಈ ಹಕ್ಕಿ ಕುಕ್ಕಿ ತಿನ್ನುವುದನ್ನು ಬರೆದಿಟ್ಟಿದ್ದಾರೆ.

ಅದೇ ಮೊಜಾಂಬಿಕ್‌ನ ಯಾವೊ ಜನರು ಸಿಳ್ಳು ಹಾಕುವುದಿಲ್ಲ. ನಾಲಿಗೆ ನಡುಗಿಸಿ, ಕೊನೆಗೆ ಒಂದು ಹೂಂಕಾರ ಸೇರಿಸಿ ಕೂಗುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ಈ ಕೂಗಿಗೆ ನೂರರಲ್ಲಿ 54 ಸಲ ಗೂಡು ದೊರೆತರೆ, ಬೇರೆ ಸದ್ದುಗಳಿಗೆ ದೊರೆತದ್ದು ಸುಮಾರು 17 ಸಲ ಮಾತ್ರ. 2023ರಲ್ಲಿ ಇನ್ನೊಂದು ಸಂಗತಿ ಹೊರಬಂದಿತು: ಹಾಡ್ಜಾ ನಾಡಿನ ಹಕ್ಕಿ ಹಾಡ್ಜಾ ಸಿಳ್ಳಿಗೆ, ಯಾವೊ ನಾಡಿನ ಹಕ್ಕಿ ಯಾವೊ ಕೂಗಿಗೆ, ಪರನಾಡಿನ ಕರೆಗಿಂತ ಹೆಚ್ಚಾಗಿ ಓಗೊಡುತ್ತದೆ. ಈ ಹಕ್ಕಿ ಕೋಗಿಲೆಯಂತೆ ಪರರ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ ಮರಿಗೆ ಹೆತ್ತವರ ಪಾಠವಿಲ್ಲ. ಆ ಊರಿನ ಮನುಷ್ಯರ ಕರೆಯನ್ನು ಕೇಳಿ ಕೇಳಿಯೇ ಅದು ಅರ್ಥ ತಿಳಿದುಕೊಳ್ಳುತ್ತದೆಂದು ವಿದ್ವಾಂಸರು ಊಹಿಸುತ್ತಾರೆ.

ಕೂಲಿ ಕೊಡುವ ರೀತಿಯೂ ಒಂದೇ ಅಲ್ಲ. ಯಾವೊ ಜನರು ಮೇಣವನ್ನು ಎಲೆಯ ಮೇಲಿಟ್ಟು ಹಕ್ಕಿಗೆ ಬಿಡುತ್ತಾರೆ. ಹಾಡ್ಜಾ ಜನರು ಅನೇಕ ಸಲ ಅದನ್ನು ಸುಡುತ್ತಾರೆ, ಇಲ್ಲವೆ ಹೂಳುತ್ತಾರೆ. ಹಸಿದ ಹಕ್ಕಿ ಮತ್ತೊಂದು ಗೂಡು ತೋರೀತೆಂಬ ಲೆಕ್ಕ. ನಮಗಿದು ಕಠೋರವೆನಿಸಬಹುದು, ಆದರೂ ಹಕ್ಕಿ ಮರಳಿ ಬರುತ್ತಲೇ ಇದೆ.

ಅಂಗಡಿಯ ಸಕ್ಕರೆ, ಪೆಟ್ಟಿಗೆಯ ಜೇನು ಬಂದ ಆಫ್ರಿಕಾದ ಹಲವೆಡೆ ಹಕ್ಕಿಯನ್ನು ಕರೆಯುವವರಿಲ್ಲ. ಹಾಡ್ಜಾ ನೆಲವೂ ಹೊಲ, ಹುಲ್ಲುಗಾವಲುಗಳಾಗಿ ಬಹುಪಾಲು ಕೈಬಿಟ್ಟಿದೆ. ಯಾಯೆದಾ ಕಣಿವೆಯಲ್ಲಿ ಅವರಿಗೆ ಸಾಮೂಹಿಕ ಭೂಮಿಯ ಹಕ್ಕುಪತ್ರ ದೊರೆತದ್ದು 2011ರಲ್ಲಿ.