ವಿಮಾನಕ್ಕೊಂದು ಚೈನು

ರೈಟ್ ಸಹೋದರರು ವಿಮಾನ ಕಟ್ಟಲು ಹೊರಟಾಗ ಅದರ ಬಿಡಿಭಾಗ ಮಾರುವ ಅಂಗಡಿ ಜಗತ್ತಿನಲ್ಲೇ ಇರಲಿಲ್ಲ. ಇರುವುದಾದರೂ ಹೇಗೆ? ವಿಮಾನವೇ ಇರಲಿಲ್ಲವಲ್ಲ!

ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ಮತ್ತು ಆರ್ವಿಲ್ 1902ರ ಕೊನೆಯಲ್ಲಿ ಹಲವು ಎಂಜಿನ್ ತಯಾರಕರಿಗೆ ಪತ್ರ ಬರೆದರು. 8 ಅಶ್ವಶಕ್ತಿ ಬೇಕು, ತೂಕ 180 ಪೌಂಡು ಮೀರಬಾರದು. ಒಪ್ಪುವಂಥ ಉತ್ತರ ಎಲ್ಲಿಂದಲೂ ಬರಲಿಲ್ಲ. ಕೊನೆಗೆ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರಗಳಲ್ಲಿ ಎಂಜಿನ್ ಸಿದ್ಧಪಡಿಸಿದ.

ಪ್ರೊಪೆಲರ್ ತಿರುಗಿಸಲು ಅವರು ನೆಚ್ಚಿದ್ದು ತಮಗೆ ಗೊತ್ತಿದ್ದ ಚೈನನ್ನೇ. ಅದು ಇಂಡಿಯಾನಾಪೊಲಿಸ್‌ನ ಡೈಮಂಡ್ ಚೈನ್ ಕಂಪನಿಯದು. ಎರಡು ಪ್ರೊಪೆಲರ್‌ಗಳು ಎದುರುಬದುರು ದಿಕ್ಕಿಗೆ ತಿರುಗಬೇಕಿತ್ತು. ಅದಕ್ಕಾಗಿ ಒಂದು ಚೈನನ್ನು ಇಂಗ್ಲಿಷಿನ 8ರಂತೆ ಅಡ್ಡ ಹಾಕಿ, ಹೊಯ್ದಾಡದಂತೆ ಕೊಳವೆಯೊಳಗೆ ಹಾಯಿಸಿದರು. ಎಷ್ಟು ಸರಳ ನೋಡಿ!

ಕಾಟ ಕೊಟ್ಟದ್ದು ಶಾಫ್ಟು. 1903ರ ನವೆಂಬರಿನಲ್ಲಿ, ಕಿಟ್ಟಿ ಹಾಕ್ ಬಳಿಯ ಕಡಲ ತೀರದಲ್ಲಿ ಎಂಜಿನ್ ಓಡಿಸಿ ನೋಡುವಾಗ ಪ್ರೊಪೆಲರ್ ಶಾಫ್ಟ್‌ಗಳು ಕೆಟ್ಟವು. ದುರಸ್ತಿಗೆ ಡೇಟನ್ನಿಗೇ ಕಳಿಸಬೇಕು. ಮರಳಿ ಬಂದ ಮೇಲೆ ಹಲ್ಲುಚಕ್ರಗಳು ಸಡಿಲವಾಗತೊಡಗಿದವು. ಸೈಕಲ್ ಟೈರನ್ನು ರಿಮ್ಮಿಗೆ ಅಂಟಿಸುವ ಅಂಟನ್ನು ಕರಗಿಸಿ ತಿರುಪಿನ ಸಂದಿಗೆ ತುಂಬಿದರು. ಬಿಗಿಯಾಯಿತು! ಸೈಕಲ್ ಶಾಪಿನವರಿಗಲ್ಲದೆ ಇನ್ನಾರಿಗೆ ಹೊಳೆದೀತು?

ಅಷ್ಟರಲ್ಲಿ ಒಂದು ಶಾಫ್ಟ್ ಬಿರುಕು ಬಿಟ್ಟಿತು. ಚಳಿ ಏರುತ್ತಿತ್ತು, ಹಾರುವ ದಿನಗಳು ಮುಗಿಯುತ್ತಿದ್ದವು. ಆರ್ವಿಲ್ ತಾನೇ ಊರಿಗೆ ಹೋಗಿ, ಟೊಳ್ಳು ಶಾಫ್ಟ್‌ಗಳ ಬದಲು ಸ್ಪ್ರಿಂಗ್ ಉಕ್ಕಿನ ಗಟ್ಟಿ ಶಾಫ್ಟ್‌ಗಳೊಂದಿಗೆ ಡಿಸೆಂಬರ್ 11ಕ್ಕೆ ವಾಪಸಾದ.

14ರ ಯತ್ನ ಕೈಕೊಟ್ಟಿತು. 17ರ ಬೆಳಿಗ್ಗೆ ವಿಮಾನ 12 ಸೆಕೆಂಡು ಹಾರಿತು. ಅದೇ ದಿನದ ನಾಲ್ಕನೆಯ ಹಾರಾಟ 59 ಸೆಕೆಂಡು, 852 ಅಡಿ.