ಮತವಿಲ್ಲದವರ ಗ್ರಾಮಸಭೆ

ಕುಂದಾಪುರ, ಬೈಂದೂರು ಕಡೆಯ ಒಳಹಳ್ಳಿಗಳಲ್ಲಿ ಮಳೆಗಾಲದ ಶಾಲೆಯ ದಾರಿ ಎಂದರೆ ಎಷ್ಟೋ ಕಡೆ ಕಾಲುಸಂಕ. ಅಡಿಕೆ ಮರದ ಒಂದೆರಡು ಕಾಂಡ, ಹಿಡಿದುಕೊಳ್ಳಲು ಹಗ್ಗ ಅಥವಾ ಬಿದಿರಿನ ಗಳ, ಕೆಳಗೆ ಕೆಂಪು ನೀರು. ಪಾಚಿ ಹಿಡಿದ ಮರವನ್ನು ದೊಡ್ಡವರು ನಾಲ್ಕು ಹೆಜ್ಜೆಗೆ ದಾಟಿಬಿಡುತ್ತಾರೆ. ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ ಹಿಡಿದ ಮಗುವಿಗೆ ಆ ಹಗ್ಗ ಎಟುಕುವುದೇ ಇಲ್ಲ. ಈ ಎಟುಕದ ಹಗ್ಗದ ಮಾತು ಗ್ರಾಮಸಭೆಯಲ್ಲಿ ಬರುವುದು ಅಪರೂಪ. ಮಗುವಿಗೆ ಮತವಿಲ್ಲವಲ್ಲ.

ಮತವಿಲ್ಲದವರಿಗೂ ಪಂಚಾಯತ್ ಉತ್ತರ ಹೇಳಬೇಕೆಂಬ ಪದ್ಧತಿ ಬೇರುಬಿಟ್ಟದ್ದು ಇದೇ ಸೀಮೆಯಲ್ಲಿ. ಹಟ್ಟಿಯಂಗಡಿಗೆ ಹತ್ತಿರದ ಕನ್ಯಾನದಲ್ಲಿರುವ ‘ನಮ್ಮ ಭೂಮಿ’, ದುಡಿಯುವ ಮಕ್ಕಳಿಗೆ ಓದಿನ ಜೊತೆ ಕಸುಬು ಕಲಿಸಲೆಂದು ಕಟ್ಟಿದ ಕೇಂದ್ರ. ಅದನ್ನು ಕಟ್ಟಿದ್ದೂ ಈ ಪದ್ಧತಿಗೆ ಬೆನ್ನೆಲುಬಾದದ್ದೂ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ.

ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು ನಂದನಾ ರೆಡ್ಡಿ. ಅವರ ತಾಯಿ ಸ್ನೇಹಲತಾ ರೆಡ್ಡಿಯವರನ್ನು ಕನ್ನಡಿಗರು ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಬಲ್ಲರು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಅವರ ಬಂಧನವಾಯಿತು. ಅಸ್ತಮಾದಿಂದ ನರಳುತ್ತ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಕಳೆದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪ್ರಜಾಪ್ರಭುತ್ವ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ಕಂಡ ನಂದನಾ ಮುಂದೆ ಕಾರ್ಮಿಕ ಚಳವಳಿಯ ಮೂಲಕ ದುಡಿಯುವ ಮಕ್ಕಳ ಬಳಿ ಬಂದರು.

ಆಗ ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಲ್ಲಿ ಕುಂದಾಪುರ ಕಡೆಯವರು ಬಹಳ ಮಂದಿ. 1990ರಲ್ಲಿ ದುಡಿಯುವ ಮಕ್ಕಳು ತಮ್ಮದೇ ಸಂಘಟನೆ ‘ಭೀಮ ಸಂಘ’ ಕಟ್ಟಿಕೊಂಡರು. ಊರು ಬಿಡುವ ಮುನ್ನವೇ, ಊರಲ್ಲೇ ಅವರ ಮಾತು ಕೇಳಿಸಬೇಕಿತ್ತು. ಹಾಗಾಗಿ 1995ರ ಸುಮಾರಿಗೆ ಕುಂದಾಪುರ ಭಾಗದ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತ್ ಶುರುವಾಯಿತು. ಅದಕ್ಕೆ ಚುನಾವಣೆ, ಗುಪ್ತ ಮತದಾನ ಎಲ್ಲವೂ ಇತ್ತು. ಗೆದ್ದ ಮಕ್ಕಳು ಅಧಿಕಾರಿಗಳ, ದೊಡ್ಡವರ ಪಂಚಾಯತ್ ಸದಸ್ಯರ ಎದುರು ಕೂತು ಮಾತಾಡಿದರು. ಅದೇ ಭಾಗದ ಕೆರಾಡಿಯ ಮಕ್ಕಳು ತಮ್ಮ ಊರನ್ನು ತಾವೇ ಸಮೀಕ್ಷೆ ಮಾಡಿ ಐದು ವರ್ಷದ ಯೋಜನೆಯನ್ನೇ ಬರೆದರು. 2006ರ ಹೊತ್ತಿಗೆ, ಮಕ್ಕಳ ಅಹವಾಲನ್ನು ಪಂಚಾಯತ್ ಕೇಳಿಸಿಕೊಳ್ಳುವ ಮಕ್ಕಳ ಗ್ರಾಮಸಭೆ ನಡೆಸುವಂತೆ ಸರ್ಕಾರ ರಾಜ್ಯದ ಎಲ್ಲ ಗ್ರಾಮ ಪಂಚಾಯತ್‌ಗಳಿಗೆ ಹೇಳಿತು.

ಅಷ್ಟಾದರೂ 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಏಳು ವರ್ಷದ ಬಾಲಕಿ ಕಾಲುಸಂಕದಿಂದ ಬಿದ್ದು ಹೊಳೆಪಾಲಾದಳು.

ಕೇಳಿಸಿಕೊಳ್ಳಬೇಕಾದ ವ್ಯವಸ್ಥೆಯೇ ಸೊರಗುತ್ತಿದೆ. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯತ್‌ಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ಕ್ಕೆ ಮುಗಿಯಿತು. ಐದು ವರ್ಷ ತುಂಬುವುದರೊಳಗೆ ಚುನಾವಣೆ ಆಗಲೇಬೇಕು ಎಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಆದರೂ ಜನಪ್ರತಿನಿಧಿಗಳ ಕುರ್ಚಿಯಲ್ಲಿ ವರ್ಷಗಟ್ಟಲೆ ಆಡಳಿತಾಧಿಕಾರಿಗಳು ಕೂತರು. ತುರ್ತು ಪರಿಸ್ಥಿತಿಯಂತೆ ಇದು ಸದ್ದು ಮಾಡುವುದಿಲ್ಲ; ಸದ್ದಿಲ್ಲದ ಕಾರಣಕ್ಕೇ ಹೆಚ್ಚು ದಿನ ನಡೆಯುತ್ತದೆ. ಮಕ್ಕಳ ಗ್ರಾಮಸಭೆಯೂ ಸ್ವಾಗತ, ಫೋಟೊ, ಸಿಹಿತಿಂಡಿಗೆ ಮುಗಿದುಹೋದರೆ ಅದೇ ರೋಗ ಕೆಳಗಿನವರೆಗೂ ಇಳಿದಂತೆ.

ನಿಮ್ಮೂರಿನಲ್ಲಿ ಈ ಬಾರಿ ಮಕ್ಕಳ ಗ್ರಾಮಸಭೆ ನಡೆದಾಗ ಹೋಗಿ ಕುಳಿತುಕೊಳ್ಳಿ. ಕಳೆದ ಸಭೆಯಲ್ಲಿ ಮಕ್ಕಳು ಕೇಳಿದ್ದೇನು, ಆದದ್ದೆಷ್ಟು ಎಂಬ ಅನುಪಾಲನಾ ವರದಿಯನ್ನು ಓದಿ ಹೇಳುವಂತೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ.