ಗಾಂಜಾ ಗಿಡ ಗಂಡೋ, ಹೆಣ್ಣೋ, ಎರಡೂನೋ? ಕೇಸಿಗೆ ಅದರಿಂದ ಏನು ಫರಕ್ ಆಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತು ನೇರವಾಗಿ ಒಂದು ವಾಯ್ಸ್ ನೋಟ್‌ನಿಂದಲೇ ಶುರು ಮಾಡ್ತೀನಿ. ಕಲಬುರಗಿಯಲ್ಲಿ ರೂಮ್ ಮಾಡ್ಕೊಂಡು ಓದ್ತಿರೋ ಕೇಳುಗರೊಬ್ಬರು ಕಳಿಸಿದ್ದು. ಅವರ ಮಾತಲ್ಲೇ ಹೇಳೋದಾದ್ರೆ: "ಅಣ್ಣಾ, ಗಂಡು ಗಿಡದಾಗ ನಶಾ ಇರಂಗಿಲ್ಲಂತ. ಒಂದೊಂದು ಗಿಡ ಗಂಡೂ ಇರ್ತದ, ಹೆಣ್ಣೂ ಇರ್ತದ, ಅದೂ ಕೆಲಸಕ್ಕ ಬರಂಗಿಲ್ಲಂತ. ಹಂಗಾದ್ರ ಕುಂಡ್ಯಾಗ ಅಂಥಾದ್ದೊಂದು ಇದ್ರ ಕೇಸ್ ಆಗಂಗಿಲ್ಲ ಅಂತ ನಮ್ಮ ದೋಸ್ತ್ ಹೇಳ್ತಾನ. ಖರೇ ಏನು?"

ಖರೇ ಅಲ್ಲ. ಕೇಸ್ ಆಗುತ್ತೆ. ಉತ್ತರ ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಆ ದೋಸ್ತ್ ಹೇಳಿದ್ರಲ್ಲಿ ಅರ್ಧ ಸಸ್ಯಶಾಸ್ತ್ರ ನಿಜ. ಅರ್ಧ ನಿಜ ಇರೋ ಮಾತೇ ಜನರನ್ನ ಜೈಲಿಗೆ ಕಳಿಸೋದು. ಹಾಗಾಗಿ ಎರಡನ್ನೂ ಬಿಡಿಸಿ ನೋಡೋಣ.

ಮೊದಲು ಹೂವಿನ ವಿಷಯ. ದಾಸವಾಳ ಬಿಡಿಸಿ ನೋಡಿದ್ದೀರಲ್ಲ? ನಡುವೆ ಒಂದು ಉದ್ದ ಕೊಳವೆ, ಅದರ ಸುತ್ತ ಹಳದಿ ಪುಡಿ ಅಂಟಿದ ಕೇಸರಗಳು, ತುದಿಯಲ್ಲಿ ಐದು ಕೆಂಪು ಚುಕ್ಕೆ. ಪುಡಿ ಗಂಡು ಭಾಗ, ಚುಕ್ಕೆ ಹೆಣ್ಣು ಭಾಗ. ಎರಡೂ ಒಂದೇ ಹೂವಿನಲ್ಲಿ. ಇದಕ್ಕೇ ದ್ವಿಲಿಂಗಿ ಹೂವು ಅನ್ನೋದು. ನಮ್ಮ ತೊಗರಿ ಹೂವು ಹಾಗೇ, ಪುಂಡಿ ಹೂವೂ ಹಾಗೇ. ಗಿಡಗಳ ಲೋಕದಲ್ಲಿ ದ್ವಿಲಿಂಗಿ ಅನ್ನೋದು ವಿಚಿತ್ರ ಅಲ್ಲ, ಅದೇ ಮಾಮೂಲು. ಗಂಡೇ ಬೇರೆ ಗಿಡ, ಹೆಣ್ಣೇ ಬೇರೆ ಗಿಡ ಅನ್ನೋದೇ ಅಪರೂಪ. ಆ ಅಪರೂಪದ ಗುಂಪಿಗೆ ಸೇರಿದ್ದು ಗಾಂಜಾ, ಅಂದ್ರೆ ನಮ್ಮ ಹಳಬರ ಬಾಯಲ್ಲಿ ಭಂಗಿ ಗಿಡ. ಪಪ್ಪಾಯಿಯಲ್ಲೂ ಇಂಥದ್ದನ್ನ ನೋಡಿರ್ತೀರಿ. ಗಂಡು ಗಿಡಕ್ಕೆ ಬರೀ ಹೂವಿನ ಗೊಂಚಲು ಜೋತಾಡುತ್ತೆ, ಹೆಣ್ಣು ಗಿಡ ದುಂಡು ಕಾಯಿ ಬಿಡುತ್ತೆ, ದ್ವಿಲಿಂಗಿ ಗಿಡ ಉದ್ದ ಕಾಯಿ ಬಿಡುತ್ತೆ. ಬಿಸಿಲು ಜಾಸ್ತಿ ಆದ್ರೆ ಆ ದ್ವಿಲಿಂಗಿ ಪಪ್ಪಾಯಿ ಗಂಡಿನ ಕಡೆ ವಾಲಿ ಕಾಯಿ ಕಟ್ಟೋದನ್ನೇ ನಿಲ್ಲಿಸೋದೂ ಉಂಟು. ನಮ್ಮ ಕಡೆ ಬಿಸಿಲಿಗೆ ಅದೇನು ದೊಡ್ಡ ಮಾತಲ್ಲ.

ಗಾಂಜಾದಲ್ಲಿ ಗಂಡು ಗಿಡ ಪರಾಗ ಚೆಲ್ಲಿ, ಬೇಗ ಒಣಗಿ ಹೋಗುತ್ತೆ. ಅದರಲ್ಲಿ ನಶೆಯ ಅಂಶ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ನಶೆ ಏರಿಸೋ ಟಿಎಚ್‌ಸಿ ಅನ್ನೋ ರಾಸಾಯನಿಕ ಹೆಚ್ಚಾಗಿ ಸೇರಿರೋದು ಹೆಣ್ಣು ಹೂವಿನ ಮೇಲಿನ ಅಂಟು ರಾಳದಲ್ಲಿ. ಪರಾಗ ಸಿಗದ ಹೆಣ್ಣು ಹೂವು ಬೀಜ ಕಟ್ಟಲ್ಲ, ರಾಳ ಕಟ್ಟುತ್ತಾ ಹೋಗುತ್ತೆ. ಇದು ಹೊಸ ಇಂಟರ್‌ನೆಟ್ ಜ್ಞಾನ ಏನೂ ಅಲ್ಲ. 1893-94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ವರದಿಯಲ್ಲೇ ಇದೆ. ಆಗ ಬಂಗಾಳದ ನೌಗಾಂವ್ ಕಡೆ ಸರ್ಕಾರದ ಲೈಸೆನ್ಸ್ ಮೇಲೆ ಗಾಂಜಾ ಬೆಳೀತಿದ್ರು. ಹೊಲದಲ್ಲಿ ಸಾಲು ಸಾಲಾಗಿ ನಡೆದು ಗಂಡು ಗಿಡ ಗುರುತಿಸಿ ಕೊಡೋದೇ ಕಸುಬಾಗಿದ್ದ ಜನ ಇದ್ರು. ಅವರಿಗೆ ಪೊದ್ದಾರ್ ಅಂತ ಹೆಸರು. ಇಂಗ್ಲಿಷರು ಅವರನ್ನ 'ಗಾಂಜಾ ಡಾಕ್ಟರ್' ಅಂತ ಕರೀತಿದ್ರು. ನಮ್ಮ ಊರು ಆಗ ನಿಜಾಮರ ಕೈಕೆಳಗೆ ಗುಲ್ಬರ್ಗ ಆಗಿತ್ತು, ಅದು ಬೇರೆ ಕಥೆ.

ಇನ್ನು ಆ ಎರಡೂ ಇರೋ ಗಿಡ. ಹೆಣ್ಣು ಅಂತ ಬೆಳೆದ ಗಿಡವೇ ಕೆಲವೊಮ್ಮೆ ಹೂ ಬಿಡೋ ಹೊತ್ತಿಗೆ ಗಂಡು ಹೂವನ್ನೂ ಹುಟ್ಟಿಸುತ್ತೆ. ಇಲ್ಲಾ, ಹೆಣ್ಣು ಹೂವಿನ ನಡುವಿಂದಲೇ ಹಳದಿ ಕೇಸರ ಬಾಗಿ ಹೊರಗೆ ಬರುತ್ತೆ. ಗಾಂಜಾ ಬೆಳೆಯೋಕೆ ಕಾನೂನು ಒಪ್ಪಿಗೆ ಇರೋ ದೇಶಗಳಲ್ಲಿ ಬೆಳೆಗಾರರು ಅದರ ಆಕಾರ ನೋಡಿ 'ಬನಾನ' ಅಂತಾರೆ. ಕೆಂಪು ಬಾಳೆಗೆ ಜಿಐ ಟ್ಯಾಗ್ ಪಡೆದ ಕಮಲಾಪುರದ ಪಕ್ಕದಲ್ಲಿ ಕೂತು ಇದನ್ನ ಓದಿದಾಗ ನನಗೆ ನಗು ಬಂತು. ನಗು ಅಷ್ಟಕ್ಕೇ ನಿಲ್ಲಲಿಲ್ಲ, ಯಾಕಂದ್ರೆ ಬಾಳೆಗೂ ಇದಕ್ಕೂ ನಿಜಕ್ಕೂ ಒಂದು ಸಂಬಂಧ ಇದೆ. ಬಾಳೆಹಣ್ಣನ್ನ ಮಾಗಿಸೋ ಎಥಿಲೀನ್ ಅನ್ನೋ ಅನಿಲವೇ ಗಾಂಜಾ ಗಿಡದೊಳಗೆ ಹೆಣ್ಣು ಹೂವು ಹುಟ್ಟೋಕೆ ಕಾರಣ. ಅದರ ಕೆಲಸಕ್ಕೆ ಅಡ್ಡಿಯಾದ್ರೆ ಹೆಣ್ಣು ಗಿಡದಲ್ಲೂ ಗಂಡು ಹೂವು ಬರುತ್ತೆ.

ಯಾಕೆ ಹೀಗಾಗುತ್ತೆ? ಸ್ವಲ್ಪ ತಳಿಯ ಗುಣ, ಸ್ವಲ್ಪ ಕಷ್ಟದ ಕಾಲ. ಗಾಂಜಾ ರಾತ್ರಿ ಉದ್ದ ಆದಾಗ ಹೂ ಬಿಡೋ ಗಿಡ. ಬಯಲಲ್ಲಿ ಸೂರ್ಯ ಅದರ ಲೆಕ್ಕ ಇಡ್ತಾನೆ. ಮನೆಯೊಳಗೆ ಲೈಟು ಆ ಲೆಕ್ಕ ಇಡಬೇಕು. ಕತ್ತಲಲ್ಲಿ ಬೆಳಕು ನುಸುಳಿದ್ರೆ, ಸೆಖೆ ಹೆಚ್ಚಾದ್ರೆ, ನೀರು-ಬೇರಿಗೆ ತೊಂದರೆ ಆದ್ರೆ ಗಿಡಕ್ಕೆ ದಿಕ್ಕು ತಪ್ಪುತ್ತೆ. ಮತ್ತೊಂದು ಕಾರಣ ವಯಸ್ಸು. ಪರಾಗಕ್ಕೆ ಕಾದೂ ಕಾದೂ ಕೊನೆಗೆ ಯಾರೂ ಬರಲಿಲ್ಲ ಅಂದಾಗ, ಸಾಯೋದ್ರೊಳಗೆ ಒಂದಿಷ್ಟು ಬೀಜ ಬಿಟ್ಟು ಹೋಗ್ಲಿ ಅಂತ ಗಿಡ ತಾನೇ ಪರಾಗ ಮಾಡ್ಕೊಳ್ಳುತ್ತೆ. ಇದು ರೋಗ ಅಲ್ಲ, ವಂಶ ಉಳಿಸ್ಕೊಳ್ಳೋ ದಾರಿ. ಹಾಗೆ ಹುಟ್ಟಿದ ಬೀಜಗಳಿಂದ ಬರೋ ಗಿಡಗಳೂ ಹೆಚ್ಚುಕಡಿಮೆ ಎಲ್ಲಾ ಹೆಣ್ಣೇ, ಯಾಕಂದ್ರೆ ಅಪ್ಪನೂ ಅಮ್ಮನೂ ಒಂದೇ ಹೆಣ್ಣು ಗಿಡ.

ಕೆನಡಾದಲ್ಲಿ 2018ರಿಂದ ಗಾಂಜಾ ಕಾನೂನುಬದ್ಧ. ಅಲ್ಲಿನ ಲೈಸೆನ್ಸ್ ಇರೋ ಕಂಪನಿಗಳಿಗೆ ಇಂಥ ಒಂದು ಗಿಡ ಅಂದ್ರೆ ತಲೆನೋವು. ಒಂದರ ಪರಾಗ ಇಡೀ ಕೋಣೆಯ ಹೂವನ್ನ ಬೀಜ ಮಾಡಿಬಿಡುತ್ತೆ, ಮಾಲು ಕೆಳದರ್ಜೆಗೆ ಬೀಳುತ್ತೆ. ಗಾಳಿಗೆ ಈ ಪರಾಗ ಎಷ್ಟು ದೂರ ಹೋಗುತ್ತೆ ಅಂದ್ರೆ, ಮೊರಾಕ್ಕೊದ ಹೊಲಗಳ ಪರಾಗ ಸಮುದ್ರ ದಾಟಿ ಸ್ಪೇನ್‌ನ ಮಲಗಾ ಊರಿನ ಗಾಳಿಯಲ್ಲಿ ಸಿಕ್ಕಿದೆ. ಇದೇ ಗುಣ ನಾರಿನ ಬೆಳೆಯಲ್ಲಿ ವರ! ಯುರೋಪಿನಲ್ಲಿ ನಾರು, ಬೀಜಕ್ಕೆ ಬೆಳೆಯೋ ಹೆಂಪ್ ತಳಿಗಳಲ್ಲಿ ಹಲವು ಬೇಕಂತಲೇ ಎರಡೂ ಹೂವು ಒಂದೇ ಗಿಡದಲ್ಲಿ ಬರೋ ಹಾಗೆ ಮಾಡಿದವು. ಎಲ್ಲಾ ಗಿಡ ಒಟ್ಟಿಗೆ ಬಲಿಯುತ್ತೆ, ಮಷಿನ್‌ನಿಂದ ಕೊಯ್ಯೋದು ಸುಲಭ. ನಮ್ಮಲ್ಲೂ ಉತ್ತರಾಖಂಡ 2018ರಲ್ಲಿ ಅಂಥ ನಾರಿನ ಹೆಂಪ್‌ಗೆ ಲೈಸೆನ್ಸ್ ಕೊಟ್ಟಿತು. ಕುಂಡದಲ್ಲಿ ಇಟ್ಕೊಳ್ಳೋಕೆ ಕೊಟ್ಟ ಲೈಸೆನ್ಸ್ ಅಲ್ಲ ಅದು, ನೆನಪಿರಲಿ.

ಸಸ್ಯಶಾಸ್ತ್ರ ಸಾಕು. ಈಗ ಕಾನೂನು.

ನಮ್ಮ ದೇಶದಲ್ಲಿ ಇದಕ್ಕೆ ಇರೋದು 1985ರ ಎನ್‌ಡಿಪಿಎಸ್ ಕಾಯ್ದೆ. ಅದರಲ್ಲಿ 'ಗಾಂಜಾ' ಬೇರೆ, 'ಕ್ಯಾನಬಿಸ್ ಗಿಡ' ಬೇರೆ. ನಮ್ಮ ಕೇಳುಗರ ದೋಸ್ತ್ ಎಡವಿದ್ದು ಇಲ್ಲೇ.

ಗಾಂಜಾ ಅಂದ್ರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ಬರೀ ಎಲೆ, ಬರೀ ಬೀಜ ಇದ್ರೆ ಅದು ಈ ವ್ಯಾಖ್ಯೆಯೊಳಗೆ ಬರಲ್ಲ. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಭಾಂಗ್ ಕೇಸೊಂದರಲ್ಲಿ ಜಾಮೀನು ಕೊಟ್ಟಿದ್ದು ಈ ಸಾಲಿನ ಬಲದ ಮೇಲೇ. ಆದರೆ ಆ ಸಾಲಿಗೆ ಇನ್ನೊಂದು ಅರ್ಧ ಇದೆ: ಎಲೆ, ಬೀಜ ಹೂವಿನ ತುದಿಯ ಜೊತೆಗೆ ಇಲ್ಲದಿದ್ದರೆ ಮಾತ್ರ ಈ ರಿಯಾಯಿತಿ. ಎರಡೂ ಹೂವಿನ ಗಿಡ ತಾನೇ ಬೀಜ ಕಟ್ಟಿಕೊಂಡಿರುತ್ತಲ್ಲ, ಆ ಬೀಜ ತುದಿಯೊಳಗೇ ಕೂತಿರುತ್ತೆ. ಅಂದ್ರೆ 'ಕೆಲಸಕ್ಕೆ ಬರಲ್ಲ' ಅಂತ ದೋಸ್ತ್ ಹೇಳಿದ ಮಾಲು ತಕ್ಕಡಿಯಲ್ಲಿ ಹಗುರ ಆಗೋದಲ್ಲ, ಭಾರ ಆಗುತ್ತೆ. ತೂಕಕ್ಕೆ ಯಾಕೆ ಇಷ್ಟು ಬೆಲೆ ಅಂದ್ರೆ, ಶಿಕ್ಷೆ ಅದರ ಮೇಲೇ ನಿಂತಿದೆ. 1 ಕೆಜಿವರೆಗೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. 20 ಕೆಜಿ ದಾಟಿದ್ರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ, ಜಾಮೀನೂ ಬಹಳ ಕಷ್ಟ. ಕೊಂಬೆ-ಎಲೆ ಸಮೇತ ತೂಗಿದ್ರು, ಬರೀ ಹೂ ತೂಗಬೇಕಿತ್ತು ಅಂತ ವಕೀಲರು ಕೋರ್ಟಲ್ಲಿ ವಾದ ಮಾಡೋದು ಇದಕ್ಕೇ.

ಈ ವಾದ ಎಲ್ಲಾ ಇಟ್ಕೊಂಡಿದ್ದ ಮಾಲಿಗೆ. ಬೆಳೆಯೋದಕ್ಕೆ ಈ ಯಾವ ವಾದವೂ ಇಲ್ಲ. ಕ್ಯಾನಬಿಸ್ ಜಾತಿಯ ಯಾವುದೇ ಗಿಡ ಬೆಳೆಯೋದು ಅಪರಾಧ ಅಂತ ಕಾಯ್ದೆ ಹೇಳುತ್ತೆ. ಗಂಡು ಅಂತಿಲ್ಲ, ಹೆಣ್ಣು ಅಂತಿಲ್ಲ, ಹೂ ಬಿಟ್ಟಿತ್ತಾ ಇಲ್ವಾ ಅಂತಿಲ್ಲ, ಒಂದೋ ನೂರೋ ಅಂತಿಲ್ಲ. ಶಿಕ್ಷೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. 1 ಕೆಜಿಯ ಸಣ್ಣ ಪ್ರಮಾಣದ ರಿಯಾಯಿತಿ ಕುಂಡಕ್ಕೆ ಸಿಗಲ್ಲ. ನನಗೆ ಕೇಳಿದ್ರೆ ಇದು ಸ್ವಲ್ಪ ವಿಚಿತ್ರವೇ: ಜೇಬಲ್ಲಿ ನೂರು ಗ್ರಾಂ ಇಟ್ಕೊಂಡವನಿಗಿಂತ ಕಿಟಕಿಯಲ್ಲಿ ಒಂದು ಗಂಡು ಗಿಡ ಇಟ್ಟವನ ತಲೆ ಮೇಲೆ ದೊಡ್ಡ ಶಿಕ್ಷೆ ತೂಗಾಡುತ್ತೆ. ಕಾಯ್ದೆ ಬದಲಾಗ್ಬೇಕು ಅಂತ ವಾದ ಮಾಡೋರು ಮಾಡ್ಲಿ. ಅದು ಬದಲಾಗೋವರೆಗೆ ಇದೇ ಲೆಕ್ಕ.

'ಮನೆಯೊಳಗೆ ಬೆಳೆದ್ರೆ ಯಾರಿಗೆ ಗೊತ್ತಾಗುತ್ತೆ' ಅನ್ನೋರಿಗೆ ಎರಡು ನೆನಪು. 2021ರಲ್ಲಿ ಬಿಡದಿ ಹತ್ತಿರದ ವಿಲ್ಲಾ ಒಂದರಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಹಿಡಿದದ್ದು ಮನೆಯೊಳಗಿನ ತೋಟ. 2023ರ ಜೂನ್‌ನಲ್ಲಿ ಶಿವಮೊಗ್ಗದಲ್ಲಿ ಸಿಕ್ಕಿಬಿದ್ದವರು ವೈದ್ಯಕೀಯ ವಿದ್ಯಾರ್ಥಿಗಳು, ಬಾಡಿಗೆ ಮನೆಯಲ್ಲಿ ಲೈಟು, ಫ್ಯಾನು ಇಟ್ಟು ಬೆಳೆಸಿದ್ರು. ರೂಮ್‌ಮೇಟ್ ಬೆಳೆಸ್ತಿದ್ದಾನೆ, ನಂಗೇನು ಅಂತ ಸುಮ್ಮನಿರೋರಿಗೂ ಒಂದು ಮಾತು: ತನ್ನ ವಶದಲ್ಲಿರೋ ಮನೆ, ಕೋಣೆಯನ್ನ ಗೊತ್ತಿದ್ದೂ ಇಂಥದ್ದಕ್ಕೆ ಬಿಟ್ಟುಕೊಟ್ಟವರಿಗೂ ಅದೇ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರಿದ್ರೆ ಯೋಚನೆ ಮಾಡ್ರಿ.

ನಮ್ಮ ಕಡೆ ಕೋಣೆಗಿಂತ ಹೊಲದ ಕಥೆ ದೊಡ್ಡದು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಜಾಡು ಹಿಡಿದು ಬಂದು ನಮ್ಮ ಜಿಲ್ಲೆಯ ಕುರಿ ಫಾರ್ಮ್ ಒಂದರ ನೆಲದಡಿಯಿಂದ ಒಂದು ಟನ್‌ಗೂ ಹೆಚ್ಚು ಗಾಂಜಾ ತೆಗೆದ್ರು. ಎರಡು ವರ್ಷ ಆದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ಜಿಲ್ಲೆಯ ಸರ್ಕಲ್ ಇನ್‌ಸ್ಪೆಕ್ಟರ್ ಶ್ರೀಮಂತ ಇಲ್ಲಾಳ ಅವರ ತಂಡ ಗಾಂಜಾ ಬೆಳೆ ಹುಡುಕಿಕೊಂಡು ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ ಕಡೆ ಹೋದಾಗ ರಾತ್ರಿ ಗುಂಪು ದಾಳಿ ಮಾಡ್ತು. ಅವರಿಗೆ ಎಷ್ಟು ಪೆಟ್ಟಾಗಿತ್ತು ಅಂದ್ರೆ, ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಕರ್ಕೊಂಡು ಹೋಗಬೇಕಾಯ್ತು. ಇನ್‌ಸ್ಟಾದಲ್ಲಿ ಹಸಿರು ಎಲೆ ಹಾಕ್ಕೊಂಡು 'ಚಿಲ್' ಅನ್ನೋರು ಆ ರಾತ್ರಿಯ ಸುದ್ದಿಯನ್ನ ಒಮ್ಮೆ ಹುಡುಕಿ ಓದ್ರಿ.

ಕಮಲಾಪುರದಿಂದ ಬಂದ ಇನ್ನೊಂದು ಪ್ರಶ್ನೆ ಇದಕ್ಕೆ ಹೊಂದಿದ್ದು. "ತೊಗರಿ ಸಾಲಿನಾಗ ಯಾರೋ ಹಾಕಿ ಹೋದ್ರ, ಇಲ್ಲಾ ತಾನೇ ಹುಟ್ಟಿದ್ರ, ಹೊಲದ ಮಾಲಕ ಏನ್ ಮಾಡ್ಬೇಕ್ರಿ?" ತನ್ನ ಹೊಲದಲ್ಲಿ ಕಾನೂನುಬಾಹಿರವಾಗಿ ಬೆಳೆದ ಗಿಡ ಇದ್ದರೆ ಕೂಡಲೇ ಪೊಲೀಸರಿಗೆ ಇಲ್ಲಾ ಸಂಬಂಧಪಟ್ಟ ಅಧಿಕಾರಿಗೆ ತಿಳಿಸೋದು ಜಮೀನುದಾರನ ಕರ್ತವ್ಯ ಅಂತ 46ನೇ ಸೆಕ್ಷನ್ ಹೇಳುತ್ತೆ. ಗೊತ್ತಿದ್ದೂ ಸುಮ್ಮನಿದ್ದರೆ ಅದಕ್ಕೂ ಶಿಕ್ಷೆ. ಪಂಚಾಯ್ತಿಯವರಿಗೂ ಗ್ರಾಮದ ಅಧಿಕಾರಿಗಳಿಗೂ 47ನೇ ಸೆಕ್ಷನ್ ಅದೇ ಹೊಣೆ ಹೊರಿಸಿದೆ. ಹೊಲ ಲಾವಣಿಗೆ ಕೊಟ್ಟು ಊರಲ್ಲಿ ಇಲ್ಲದವರು ವರ್ಷಕ್ಕೆ ಒಂದೆರಡು ಸಲನಾದ್ರೂ ಬದುವಿನ ಮೇಲೆ ನಡೆದು ಬರೋದು ಒಳ್ಳೇದು. ಗಿಡ ಕಂಡ್ರೆ ಗಾಬರಿಯಾಗಿ ಕಿತ್ತು ಸುಡಬೇಡ್ರಿ. ಫೋಟೊ ತೆಗೆದಿಟ್ಟು, 112ಕ್ಕೆ ಇಲ್ಲಾ ಠಾಣೆಗೆ ತಿಳಿಸಿ, ತಿಳಿಸಿದ್ದಕ್ಕೆ ಒಂದು ಬರಹದ ಗುರುತು ಇಟ್ಕೊಳ್ರಿ. ಮಾದಕವಸ್ತು ಬಗ್ಗೆ ಮಾಹಿತಿ ಕೊಡೋಕೆ 1933 ಅನ್ನೋ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಫೋಟೊ ತೆಗೆಯೋ ಮೊದಲು ಒಂದು ಸಲ ಸರಿಯಾಗಿ ನೋಡ್ರಿ. ನಮ್ಮ ಪುಂಡಿಪಲ್ಯದ ಗಿಡದ ಎಲೆ ಬೆರಳು ಬೆರಳಾಗಿ ಸೀಳಿಕೊಂಡಾಗ ದೂರದಿಂದ ಥೇಟ್ ಗಾಂಜಾ ಹಾಗೇ ಕಾಣುತ್ತೆ. ಪುಂಡಿನಾರಿನ ಗಿಡಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಹಿಬಿಸ್ಕಸ್ ಕ್ಯಾನಬಿನಸ್, ಗಾಂಜಾದಂಥ ದಾಸವಾಳ ಅಂತ. ಎಲೆ ಕಿತ್ತು ಬಾಯಿಗಿಟ್ರೆ ಹುಳಿ, ಹೂ ಬಂದ್ರೆ ದಾಸವಾಳದ ಥರ ದೊಡ್ಡದು, ನಡುವೆ ಕಡುಗೆಂಪು. ಗಾಂಜಾಕ್ಕೆ ಅಂಥ ಚೆಂದದ ಹೂವೇ ಇಲ್ಲ.

ಕೊನೆಗೆ, ಮೊದಲಿನ ಆ ಕೇಳುಗರ ವಾಯ್ಸ್ ನೋಟ್‌ನ ಬಾಲದಲ್ಲಿ ಇನ್ನೊಂದು ಸಣ್ಣ ಪ್ರಶ್ನೆ ಇತ್ತು, ದನಿ ಇಳಿಸಿ ಕೇಳಿದ್ದು: ದೋಸ್ತ್‌ಗೆ ಬಿಡಬೇಕಂತಿದೆ, ಆಸ್ಪತ್ರೆಗೆ ಹೋದ್ರೆ ಹಿಡಿದುಕೊಡ್ತಾರಾ ಅಂತ. ಕಾಯ್ದೆಯ 64ಎ ಸೆಕ್ಷನ್ ನೋಡ್ರಿ. ಚಟಕ್ಕೆ ಬಿದ್ದವನ ಮೇಲೆ ಸೇವನೆಯ ಇಲ್ಲಾ ಸಣ್ಣ ಪ್ರಮಾಣದ ಕೇಸ್ ಇದ್ರೂ, ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಮಾಡಿದ್ರೆ ಆ ಕೇಸಿಂದ ವಿನಾಯಿತಿ ಇದೆ. ಅರ್ಧಕ್ಕೆ ಬಿಟ್ರೆ ಆ ವಿನಾಯಿತಿ ವಾಪಸ್ ಹೋಗಬಹುದು. ಬೆಳೆದದ್ದಕ್ಕೆ ಇದು ಅನ್ವಯಿಸಲ್ಲ. ಚಟ ಬಿಡೋಕೆ ಸಹಾಯವಾಣಿ 14446, ದುಡ್ಡು ಬೀಳಲ್ಲ. ನಂಬರನ್ನ ದೋಸ್ತ್‌ಗೆ ಕಳಿಸ್ರಿ.